ಆ ಹುಳಗಳನ್ನು ಕೊಂದದ್ದು ಅಜ್ಜಿಯಲ್ಲ

ಸುಶೀಲಮ್ಮ ಆಂಟಿ ಏನೂ ಮಾಡಿರಲಿಲ್ಲ. ಆ ಕಾಟೇಜಿನ ಟಾಯ್ಲೆಟ್ಟಿಗೆ ಬ್ಲೀಚ್ ಸುರಿದವನು ನಾನು. ಕೆಳಗಿನ ತೊಟ್ಟಿಯಲ್ಲಿದ್ದ ಎರೆಹುಳಗಳೆಲ್ಲ ಸತ್ತದ್ದು ನನ್ನಿಂದ. ಸುರಿದದ್ದು ತಪ್ಪು, ಆದರೆ ಅದಕ್ಕಿಂತ ದೊಡ್ಡದು ಇನ್ನೊಂದಿದೆ — ಎಲ್ಲರೂ ಸುತ್ತ ನಿಂತು ಕೇಳಿದಾಗ ನಾನು ಸುಳ್ಳು ಹೇಳಿ ಆಂಟಿಯ ಮೇಲೆ ಹಾಕಿದೆ. ಅವರು ಹೊತ್ತುಕೊಂಡರು. ಇಷ್ಟು ವರ್ಷವೂ ಹೊತ್ತುಕೊಂಡೇ ಇದ್ದರು.

ಹುಳ ಸತ್ತರೆ ಏನು ಮಹಾ ಎಂದು ನಿಮಗೆ ಅನ್ನಿಸಬಹುದು. ನಾನೂ ಬಹಳ ದಿನ ಹಾಗೇ ಹೇಳಿಕೊಂಡೆ. ಹುಳಗಳ ಜೊತೆ ಏನು ಸತ್ತಿತು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಗೆ ಹೇಳಿಕೊಂಡೆ.

ನನಗೆ ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ತಿಪಟೂರಿನವನು. ಓದು ತಲೆಗೆ ಹತ್ತಲಿಲ್ಲ. ಅಡುಗೆ ಕೋರ್ಸಿನ ಹೆಸರಿನಲ್ಲಿ ಸಿಡ್ನಿಗೆ ಬಂದೆ, ಇಲ್ಲೇ ಕಾಯಂ ಇರಲು ಪಿಆರ್ ಸಿಗುವ ತನಕ ಹೋಟೆಲುಗಳಲ್ಲಿ ಈರುಳ್ಳಿ ಹೆಚ್ಚಿದೆ, ಆಮೇಲೆ ಕ್ಲೀನಿಂಗಿಗೆ ಇಳಿದೆ. ಇಲ್ಲಿ ಬಾಡಿಗೆ ಮನೆ ಖಾಲಿ ಮಾಡುವವರು ಮೂಲೆ ಮೂಲೆ ಉಜ್ಜಿ ಕೊಡಬೇಕು, ಇಲ್ಲದಿದ್ದರೆ ಮುಂಗಡವಾಗಿ ಕಟ್ಟಿದ ಬಾಂಡ್ ಹಣ ಪೂರ್ತಿ ವಾಪಸ್ ಬರುವುದಿಲ್ಲ. ಆ ಉಜ್ಜುವವನು ನಾನು. ಪ್ಯಾರಮಟ್ಟಾದಲ್ಲಿ ಹಾಗೆ ಒಂದು ಫ್ಲ್ಯಾಟ್ ತೊಳೆಯುತ್ತಿದ್ದಾಗ, ಲಿಫ್ಟಿನಲ್ಲಿ ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದ ಕಿರಣ್ ಅಣ್ಣ ಸಿಕ್ಕಿದರು. ಮೈಸೂರಿನವರು, ನಾರ್ತ್ ಸಿಡ್ನಿಯಲ್ಲಿ ಐಟಿ ಕೆಲಸ. ಆವತ್ತೇ ಮನೆಗೆ ಊಟಕ್ಕೆ ಕರೆದರು. ಆಮೇಲೆ ಅವರು ಕೆಲ್ಲಿವಿಲ್‌ನಲ್ಲಿ ಮನೆ ಕೊಂಡರು, ಹಿತ್ತಲಿನ ಚಿಕ್ಕ ಮನೆಯಲ್ಲಿ ನನ್ನನ್ನು ಇರಿಸಿಕೊಂಡರು. ಅವರ ಸ್ನೇಹಿತರೆಲ್ಲ ಲ್ಯಾಪ್‌ಟಾಪಿನ ಮಂದಿ. ಅವರ ನಡುವೆ ನನಗೆ ಇದ್ದದ್ದು ಒಂದೇ ಹೆಸರು — ಕ್ಲೀನಿಂಗ್ ಅಂದರೆ ಮಂಜ. ಆ ಒಂದು ಹೆಸರಿಗಾಗಿ ನಾನು —

ಇರಲಿ, ಮೊದಲಿನಿಂದ ಹೇಳುತ್ತೇನೆ.

ಆ ವರ್ಷ ಕಿರಣ್ ಅಣ್ಣನ ತಾಯಿ ಸುಶೀಲಮ್ಮ ಆಂಟಿ ಆರು ತಿಂಗಳ ವೀಸಾದಲ್ಲಿ ಬಂದಿದ್ದರು. ಮೊಮ್ಮಗಳು ಅನ್ವಿ ಆಗ ಎರಡನೇ ಕ್ಲಾಸು. ಮೊದಲ ವಾರ ಆ ಮಗು ಅಜ್ಜಿಯನ್ನು ದೂರದಿಂದ ನೋಡುತ್ತಿತ್ತು. ಆಮೇಲೆ ಏನಾಯಿತೋ, ತನ್ನ ದಿಂಬು ಹೊತ್ತುಕೊಂಡು ಅಜ್ಜಿಯ ರೂಮಿಗೇ ಹೋಗಿ ಮಲಗತೊಡಗಿತು. ಅಜ್ಜಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಆದರೆ ಉತ್ತರ ನಿಲ್ಲುತ್ತಿರಲಿಲ್ಲ. ಹಿತ್ತಲಲ್ಲಿ ನನಗೆ ಅವರಿಬ್ಬರ ನಗು ಕೇಳುತ್ತಿತ್ತು.

ದೀಪಕ್ಕ — ಕಿರಣ್ ಅಣ್ಣನ ಹೆಂಡತಿ — ಅವರಿಗೆ ಫ್ರಾನ್ಸಿನ ಸಮುದ್ರದ ಕಡೆ ಹೋಗಬೇಕೆಂದು ಬಹಳ ದಿನದ ಆಸೆ. ರಜೆ ಸಿಗಲಿಲ್ಲ. ಅಣ್ಣ ಹುಡುಕಿ ಹುಡುಕಿ ಮೆಲ್ಬರ್ನ್ ಆಚೆ ಸಮುದ್ರದ ಹತ್ತಿರ ಒಂದು ಕಾಟೇಜ್ ಬುಕ್ ಮಾಡಿದರು. ಓನರ್ ಸಿಲ್ವಿ ಎನ್ನುವ ವಯಸ್ಸಾದ ಫ್ರೆಂಚ್ ಹೆಂಗಸು. ತನ್ನ ಊರಿನ ಕಡಲ ತೀರದ ಮನೆಗಳು ಹೇಗಿದ್ದವೋ ಹಾಗೇ ಗಂಡನ ಜೊತೆ ಸೇರಿ ಕಟ್ಟಿಸಿದ್ದಂತೆ. ಕಲ್ಲಿನ ಗೋಡೆ, ನೀಲಿ ಕಿಟಕಿ. ಕರೆಂಟು ಬಿಸಿಲಿನಿಂದ, ನೀರು ಮಳೆಯಿಂದ. ಎಲ್ಲವೂ ಪರಿಸರಕ್ಕೆ ಒಳ್ಳೆಯದು ಎಂದು ಬರೆದಿತ್ತಂತೆ.

"ಫ್ರಾನ್ಸ್ ಇಲ್ಲಿಗೇ ಬಂದಿದೆ ಕಣೇ, ವೀಸಾನೂ ಬೇಡ," ಎಂದರು ಅಣ್ಣ.

"ಹ್ಞೂಂ, ಹನಿಮೂನಿಗೆ ಊಟಿ ಸಾಕು ಅಂದಿದ್ದೂ ಇದೇ ಬಾಯಿ," ಎಂದರು ದೀಪಕ್ಕ.

ಅವರು ನಾಲ್ವರು ಫ್ಲೈಟಿನಲ್ಲಿ ಮೆಲ್ಬರ್ನಿಗೆ ಹೋಗಿ, ದೀಪಕ್ಕನ ತಂಗಿಯ ಮನೆಯಲ್ಲಿ ಎರಡು ದಿನ ಇದ್ದು, ಅಲ್ಲಿಂದ ಕಾರಿನಲ್ಲಿ ಬರುವುದು. ನಾನು ಸಿಡ್ನಿಯಿಂದ ನನ್ನ ಕೆಲಸದ ವ್ಯಾನಿನಲ್ಲಿ ಸಾಮಾನು ತರುವುದು. ಸಾಮಾನು ಅಂದರೆ ಅಡುಗೆಮನೆಯೇ — ಕುಕ್ಕರು, ಇಡ್ಲಿ ಪಾತ್ರೆ, ಉಪ್ಪಿನಕಾಯಿ ಜಾಡಿ, ಆಂಟಿ ರುಬ್ಬಿಟ್ಟು ಹೋಗಿದ್ದ ಹಿಟ್ಟಿನ ಬಕೆಟ್ಟು. ಹಿಂದುಗಡೆ ನನ್ನ ಕ್ಲೀನಿಂಗ್ ಡಬ್ಬಿಗಳೂ ಇದ್ದವು. ಅವನ್ನು ನಾನು ಯಾವಾಗಲೂ ಇಳಿಸುವುದಿಲ್ಲ.

ಆ ದಾರಿಯಲ್ಲಿ ಬಿಸಿಲು ಜಾಸ್ತಿ. ಕಾಟೇಜಿಗೆ ಎಲ್ಲರಿಗಿಂತ ಮುಂಚೆ ಮುಟ್ಟಿ ವ್ಯಾನಿನ ಹಿಂಬಾಗಿಲು ತೆಗೆಯುತ್ತೇನೆ — ಹಿಟ್ಟು ಉಕ್ಕಿ, ಮುಚ್ಚಳ ತಳ್ಳಿ, ಕಾರ್ಪೆಟ್ಟಿನ ಮೇಲೆಲ್ಲ ಹರಿದಿದೆ. ಹುಳಿ ವಾಸನೆ. ಅಷ್ಟರಲ್ಲಿ ಸಿಲ್ವಿ ಬಂದು ಕೈ ಕುಲುಕಿದಳು. ಬಾ, ಮನೆ ತೋರಿಸುತ್ತೇನೆ ಎಂದಳು. ನನ್ನ ಮನಸ್ಸೆಲ್ಲ ಹಿಟ್ಟಿನ ಮೇಲೆ. ಹೋದೆ.

ಆಕೆ ಒಂದೊಂದೇ ತೋರಿಸುತ್ತಾ ಹೋದಳು. ಟಾಯ್ಲೆಟ್ಟಿನ ಹತ್ತಿರ ಬಹಳ ಹೊತ್ತು ನಿಂತಳು. ಫ್ಲಶ್ ಇರಲಿಲ್ಲ. ಪಕ್ಕದಲ್ಲಿ ಒಂದು ಬುಟ್ಟಿ ಮರದ ಹೊಟ್ಟು. ಹೊರಗೆ ಕರೆದುಕೊಂಡು ಹೋಗಿ ಗೋಡೆಯ ಆಚೆ ಒಂದು ಮರದ ಮುಚ್ಚಳ ತೋರಿಸಿ, ಬೆರಳನ್ನು ಹುಳದ ಹಾಗೆ ಆಡಿಸಿ, ಏನೇನೋ ಹೇಳಿದಳು. ಅವಳ ಇಂಗ್ಲಿಷ್ ಬೇರೆ ಥರ. ಆದರೆ ಇಂಗ್ಲಿಷ್ ಮೇಲೆ ಹಾಕಲಾರೆ. ಗಮನ ಕೊಟ್ಟಿದ್ದರೆ ತಿಳಿಯುತ್ತಿತ್ತು. ಕೇಳಿದ್ದರೆ ಇನ್ನೊಂದು ಸಲ ಹೇಳುತ್ತಿದ್ದಳು. ನಾನು ಕೇಳಲಿಲ್ಲ. ಈ ದೇಶಕ್ಕೆ ಬಂದಾಗಿನಿಂದ ನನಗೆ ಒಂದು ಚಾಳಿ — ತಿಳಿಯದಿದ್ದರೆ ತಲೆ ಆಡಿಸಿ "ಯಾ ಯಾ, ನೋ ವರೀಸ್" ಅನ್ನುವುದು. ಮತ್ತೆ ಕೇಳಿದರೆ ದಡ್ಡ ಅಂದುಕೊಳ್ಳುತ್ತಾರೆ ಎಂಬ ಭಯ. ಕೆಲಸಕ್ಕೆ ಹೋದ ಕಡೆಯೆಲ್ಲ ಹಾಗೇ ನಡೆದು ಹೋಗಿತ್ತು. ಅಲ್ಲೂ ಅಂದೆ. ಕೊನೆಗೆ ಆಕೆ ನನ್ನ ಮುಖ ನೋಡಿ, ಎಲ್ಲರಿಗೂ ಹೇಳುತ್ತೀಯ ತಾನೆ ಎಂದು ಕೇಳಿದಳು. ಅದು ಚೆನ್ನಾಗಿ ತಿಳಿಯಿತು. ಅದಕ್ಕೂ ನೋ ವರೀಸ್ ಅಂದೆ.

ಯಾರಿಗೂ ಏನೂ ಹೇಳಲಿಲ್ಲ. ಹೇಳಲು ನನಗೆ ಗೊತ್ತಿದ್ದರೆ ತಾನೆ.

ಸಂಜೆ ಎಲ್ಲರೂ ಬಂದರು. ಸಿಲ್ವಿ ಅನ್ವಿಯನ್ನು ಕೈ ಹಿಡಿದು ಕರೆದುಕೊಂಡು ಹೋಗಿ ಆ ಮುಚ್ಚಳ ತೆಗೆದು ಹುಳಗಳನ್ನು ತೋರಿಸಿದಳು. ಮಗು ಕುಣಿದುಕೊಂಡು ಬಂತು. "ಅಜ್ಜಿ, ದೇ ಈಟ್ ಎವ್ರಿಥಿಂಗ್!" ಅದರಲ್ಲಿ ಒಂದಕ್ಕೆ ಹೆಸರೂ ಇಟ್ಟಾಗಿತ್ತು — ಪುಟ್ಟಿ. ಯಾವುದು ಪುಟ್ಟಿ, ಯಾವುದು ಅಲ್ಲ ಎಂದು ಹೇಗೆ ಗೊತ್ತಾಗುತ್ತದೆ ಎಂದು ನಾನು ರೇಗಿಸಿದೆ. ಅಜ್ಜಿ, "ಅದು ಕರೆದ್ರೆ ತಿರುಗಿ ನೋಡತ್ತೆ ಕಣೋ, ನಿನ್ನ ಹಂಗಲ್ಲ," ಎಂದರು. ಮಗು ನಕ್ಕು ಅಜ್ಜಿಯ ಸೀರೆಯಲ್ಲಿ ಮುಖ ಮುಚ್ಚಿಕೊಂಡಿತು. ನಾಡಿದ್ದು ಬೆಳಿಗ್ಗೆ ಬಂದು ಹುಳಗಳಿಗೆ ತರಕಾರಿ ಸಿಪ್ಪೆ ಹಾಕೋಣ ಎಂದು ಸಿಲ್ವಿ ಹೇಳಿ ಹೋಗಿದ್ದಳು. ಅದಕ್ಕಾಗಿ ಅಜ್ಜಿ ಮೊಮ್ಮಗಳು ಸೇರಿ ಸಿಪ್ಪೆ ಕೂಡಿಡಲು ಶುರು ಮಾಡಿದರು.

ಮಾರನೆಯ ದಿನ ಟಾಯ್ಲೆಟ್ ನಾರತೊಡಗಿತು. ಹೊಟ್ಟು ಹಾಕಬೇಕೆಂದು ಯಾರಿಗೂ ಗೊತ್ತಿಲ್ಲ, ನಾವೋ ನೀರಿಲ್ಲದೆ ಆಗದ ಮಂದಿ, ಚೊಂಬಿಗೆ ಚೊಂಬು ಸುರಿದಿದ್ದೇವೆ. ದೀಪಕ್ಕ ಮೂಗು ಮುಚ್ಚಿಕೊಂಡು ಆಚೆ ಬಂದು, "ಇದೇನಾ ನಿಮ್ಮ ಫ್ರಾನ್ಸು?" ಎಂದರು. ಅಣ್ಣ, ದೀಪಕ್ಕ, ಅನ್ವಿ ಮೂವರೂ ಬೀಚಿಗೆ ಹೋದರು. ಗಾಳಿ ಆಗುವುದಿಲ್ಲವೆಂದು ಆಂಟಿ ಉಳಿದರು. ನಾನೂ ಉಳಿದೆ. ನಾನಿರುವ ಮನೆಯಲ್ಲಿ ಟಾಯ್ಲೆಟ್ ನಾರುವುದೇ? ವ್ಯಾನಿನಿಂದ ಬ್ಲೀಚ್ ತಂದೆ. ಬಾಟಲಿ ಪೂರ್ತಿ ಸುರಿದೆ. ಸಾಲದೆಂದು ಇನ್ನೊಂದು.

ಬಟ್ಟೆ ಒಣಹಾಕುತ್ತಿದ್ದ ಆಂಟಿ ಬಾಗಿಲ ಹತ್ತಿರ ಬಂದು ನಿಂತರು.

"ಅದನ್ನ ಹಾಕಬಹುದೇನೋ ಮಂಜ? ಕೆಳಗೆ ಹುಳ ಇದ್ಯಂತಲ್ಲ, ಮಗು ಹೇಳ್ತಿತ್ತು."

"ಏನೂ ಆಗಲ್ಲ ಬಿಡಿ ಆಂಟಿ. ದಿನಾ ಇದೇ ಕೆಲ್ಸ ನಂದು."

ಅವರಿಗೆ ತಿಳಿಯಿತು. ನನಗೆ ತಿಳಿಯಲಿಲ್ಲ. ಹುಳ ಇದೆ ಎಂದು ನಾನೂ ಕೇಳಿದ್ದೆನಲ್ಲ? ಕೇಳಿದ್ದೆ. ಹುಳ ಬೇರೆ, ಟಾಯ್ಲೆಟ್ ಬೇರೆ ಎಂಬಂತೆ ಇದ್ದೆ. ಯೋಚನೆ ಮಾಡುವ ತಾಳ್ಮೆ ನನಗೆ ಇರಲಿಲ್ಲ — ಅಷ್ಟೇ.

ಬೀಚಿನಿಂದ ಬಂದ ದೀಪಕ್ಕ ಗಾಳಿ ಮೂಸಿ, "ಅತ್ತೆ ಶುರು ಮಾಡಿದ್ರು ನೋಡಿ, ಬಂದ ಕಡೆನೂ ಬಿಡಲ್ಲ," ಎಂದು ನಕ್ಕರು. ಆಂಟಿಗೆ ಎಲ್ಲವನ್ನೂ ತೊಳೆಯುವ ಅಭ್ಯಾಸ. ಆಂಟಿಯೂ ಸುಮ್ಮನೆ ನಕ್ಕರು. ನಾನು ವ್ಯಾನಿನ ಕಾರ್ಪೆಟ್ಟಿನ ಹಿಟ್ಟು ಕೆರೆಯುತ್ತಾ ಕೂತಿದ್ದೆ. ಅದು ನಾನು ಎಂದು ಹೇಳಬೇಕೆಂದೂ ಅನ್ನಿಸಲಿಲ್ಲ.

ಮರುದಿನ ಬೆಳಿಗ್ಗೆ ಸಿಲ್ವಿ ಬಂದಳು. ಅನ್ವಿ ಸಿಪ್ಪೆಯ ಬಟ್ಟಲು ಹಿಡಿದು ಓಡಿತು. ನಾನು ಒಳಗೆ ಕಾಫಿ ಕುಡಿಯುತ್ತಿದ್ದೆ. ಮಗು ಕಿರುಚಿದ್ದು ಕೇಳಿಸಿತು.

ಎಲ್ಲರೂ ಹೋದೆವು. ಮುಚ್ಚಳ ತೆಗೆದಿತ್ತು. ಕೆಂಪಗಿದ್ದ ಹುಳಗಳು ಬಿಳಿಚಿಕೊಂಡು, ಉಂಡೆ ಉಂಡೆಯಾಗಿ ತೇಲುತ್ತಿದ್ದವು. ಬ್ಲೀಚಿನ ಘಾಟು ಇನ್ನೂ ಇತ್ತು. ಸಿಲ್ವಿ ಕೂಗಾಡಲಿಲ್ಲ. ಮಂಡಿಯೂರಿ ಕೂತು ಒಂದು ಕಡ್ಡಿಯಿಂದ ಕೆದಕಿ ಕೆದಕಿ ನೋಡಿದಳು, ಜೀವ ಇರುವುದು ಒಂದಾದರೂ ಸಿಗುತ್ತದೇನೋ ಎಂದು. ಈ ತೊಟ್ಟಿ ಅವಳ ಗಂಡ ಕಟ್ಟಿದ್ದಂತೆ. ಗಂಡ ತೀರಿಕೊಂಡ ಮೇಲೂ ಅವನು ಸಾಕಿದ ಹುಳಗಳ ಸಂತತಿ ನಡೆದುಕೊಂಡು ಬಂದಿತ್ತಂತೆ. ಆಮೇಲೆ ತಲೆಯೆತ್ತಿ ನನ್ನನ್ನೇ ನೋಡಿ, ನಿನಗೆ ಹೇಳಿದ್ದೆನಲ್ಲ, ಯಾ ಯಾ ಅಂದೆಯಲ್ಲ, ಎಂದಳು.

ಕಿರಣ್ ಅಣ್ಣ ನನ್ನ ಕಡೆ ತಿರುಗಿದರು.

"ಮಂಜ, ಇವ್ರು ನಿಂಗೆ ಹೇಳಿದ್ರಾ?"

ಉತ್ತರ ಬಾಯಲ್ಲೇ ಇತ್ತು. ನಾನೇ ಹಾಕಿದೆ ಅಣ್ಣ, ಗೊತ್ತಾಗಲಿಲ್ಲ — ಇಷ್ಟೇ. ಇಷ್ಟು ಹೇಳಿದ್ದರೆ ಒಂದು ಬೈಗುಳ, ಒಂದು ದಿನದ ಮುನಿಸು, ಮುಗಿದು ಹೋಗುತ್ತಿತ್ತು. ನಾನು ಹೇಳಿದ್ದು ಇದು:

"ಹೇಳಿದ್ರು. ನಾನು ಆಂಟಿಗೆ ಹೇಳಿದ್ದೆ, ಏನೂ ಹಾಕ್ಬೇಡಿ ಅಂತ."

ಆಂಟಿ ನನ್ನನ್ನು ನೋಡಿದರು. ಕೋಪದಿಂದಲ್ಲ. ಈ ಹುಡುಗ ಈಗ ಸರಿ ಮಾಡುತ್ತಾನೆ, ಇನ್ನೊಂದು ಮಾತು ಬಾಕಿ ಇದೆ, ಎಂದು ಕಾಯುವವರ ಹಾಗೆ ನೋಡಿದರು. ನಾನು ಕೆಳಗೆ ನೋಡಿದೆ.

"ಹೌದಪ್ಪ," ಎಂದರು ಆಂಟಿ, ಮಗನಿಗೆ. "ಹೇಳಿದ್ದ. ನಂಗೇ ಮರ್ತೋಯ್ತು. ನಾನೇ ಹಾಕ್ದೆ."

"ಏನಮ್ಮ ನೀನು, ಎಷ್ಟು ಸಲ ಹೇಳ್ಬೇಕು ನಿಂಗೆ!" ಎಂದು ಅಣ್ಣ ಹಣೆ ಚಚ್ಚಿಕೊಂಡರು. ಅದಾದ ಮೇಲೆ ಅನ್ವಿ. ಅದು ಬಟ್ಟಲನ್ನು ನೆಲಕ್ಕೆ ಎಸೆದು, ಅಜ್ಜಿಯ ಮುಖಕ್ಕೆ ಮುಖ ಕೊಟ್ಟು, "ಐ ಹೇಟ್ ಯು! ಯು ಕಿಲ್ಡ್ ಪುಟ್ಟಿ!" ಎಂದಿತು. ಆಂಟಿಗೆ ಇಂಗ್ಲಿಷ್ ಬರುವುದು ಕಡಿಮೆ. ಅಷ್ಟು ಬರುತ್ತಿತ್ತು. ಮಗುವಿನ ತಲೆ ಸವರಲು ಕೈ ಚಾಚಿದರು. ಮಗು ಹಿಂದೆ ಸರಿಯಿತು.

ಆ ಮಧ್ಯಾಹ್ನ ಪಾತ್ರೆಗಳನ್ನು ವ್ಯಾನಿಗೆ ತುಂಬುವಾಗ ನಾನೂ ಆಂಟಿಯೂ ಇಬ್ಬರೇ ಇದ್ದೆವು. "ಆಂಟಿ, ನಾನು —" ಎಂದೆ.

"ಹೋಗ್ಲಿ ಬಿಡೋ," ಎಂದರು, ಕುಕ್ಕರಿನ ಮುಚ್ಚಳ ಒರೆಸುತ್ತಾ. "ನಾನು ಮುಂದಿನ ತಿಂಗಳು ಊರಿಗೆ ಹೋಗೋಳು. ನೀನು ಇಲ್ಲೇ ಇವ್ರ ಮಧ್ಯೆ ಬಾಳಬೇಕಾದೋನು."

ಸಿಡ್ನಿ ತನಕ ಒಬ್ಬನೇ ಓಡಿಸಿಕೊಂಡು ಬಂದೆ. ದಾರಿಯಲ್ಲಿ ನನಗೆ ಅನ್ನಿಸಿದ್ದು ನಾಚಿಕೆಯಲ್ಲ. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ — ಅಬ್ಬಾ, ಬಚಾವಾದೆ ಎಂದು ಅನ್ನಿಸಿತು.

ಕೆಲ್ಲಿವಿಲ್‌ಗೆ ಬಂದ ದಿನವೇ ಅನ್ವಿ ತನ್ನ ದಿಂಬನ್ನು ಅಜ್ಜಿಯ ರೂಮಿನಿಂದ ವಾಪಸ್ ತಂದುಕೊಂಡಿತು. ಸ್ಕೂಲಿನಲ್ಲಿ ರಜೆಯ ಸುದ್ದಿ ಹೇಳಬೇಕಾದಾಗ, ನಮ್ಮಜ್ಜಿ ಹುಳಗಳನ್ನು ಕೊಂದಳು ಎಂದು ಇಡೀ ಕ್ಲಾಸಿಗೆ ಹೇಳಿತಂತೆ. ದೀಪಕ್ಕ ಕೆಟ್ಟವರಲ್ಲ. ಆದರೂ ಕ್ಲೀನಿಂಗ್ ಡಬ್ಬಿಗಳನ್ನೆಲ್ಲ ಅಟ್ಟದ ಮೇಲಿಟ್ಟರು, ಮಕ್ಕಳ ಕೈಗೆ ಸಿಗದ ಹಾಗೆ ಇಡುತ್ತಾರಲ್ಲ, ಹಾಗೆ. ಆಂಟಿ ಸಿಂಕ್ ತೊಳೆಯುವುದಕ್ಕೂ ಸೊಸೆಯನ್ನು ಕೇಳತೊಡಗಿದರು. ಹಿತ್ತಲಿಗೆ ಕೇಳುತ್ತಿದ್ದ ನಗು ನಿಂತುಹೋಯಿತು. ಆಂಟಿಯನ್ನು ಏರ್‌ಪೋರ್ಟಿಗೆ ಬಿಡಲು ನನ್ನ ವ್ಯಾನಿನಲ್ಲೇ ಪೆಟ್ಟಿಗೆ ಹಾಕಿಕೊಂಡು ಹೋದೆವು. ಮಗು ಅಪ್ಪನ ಹಿಂದೆ ನಿಂತು "ಬೈ ಅಜ್ಜಿ" ಎಂದಿತು. ಹತ್ತಿರ ಹೋಗಲಿಲ್ಲ.

ಆಗಲೂ ಸಮಯ ಇತ್ತು. ಆಮೇಲೂ ಇತ್ತು. ವರ್ಷ ವರ್ಷ ಇತ್ತು. ನಾನು ಹಿತ್ತಲ ಮನೆ ಬಿಟ್ಟು ಪ್ಯಾರಮಟ್ಟಾಗೆ ಬಂದೆ, ನನ್ನದೇ ಸಣ್ಣ ಕ್ಲೀನಿಂಗ್ ಬಿಸಿನೆಸ್ ಮಾಡಿದೆ, ಇಬ್ಬರಿಗೆ ಕೆಲಸ ಕೊಟ್ಟೆ. ಕಿರಣ್ ಅಣ್ಣನ ಮನೆಯಲ್ಲಿ ನಾಲ್ಕು ಜನ ಸೇರಿದರೆ ಆ ಹುಳದ ಕಥೆ ಬರುತ್ತಿತ್ತು. ಅಣ್ಣ ಚೆನ್ನಾಗಿ ಹೇಳುತ್ತಾರೆ. "ನಮ್ಮಮ್ಮ ಒಂದು ಇಡೀ ವಂಶ ನಿರ್ನಾಮ ಮಾಡಿದ್ರು ಕಣ್ರೀ!" ಎಲ್ಲರೂ ನಗುತ್ತಿದ್ದರು. ನಾನೂ. ಒಂದೊಂದು ಸಲ ಅಣ್ಣ ಮರೆತದ್ದನ್ನು ನೆನಪಿಸಿಯೂ ಕೊಟ್ಟಿದ್ದೇನೆ. ಈಗ ಅದನ್ನು ನೆನೆಸಿಕೊಂಡರೆ...

ಆಂಟಿ ಮತ್ತೆ ಬರಲಿಲ್ಲ. ಅಣ್ಣ ಕರೆದಾಗಲೆಲ್ಲ ಮಂಡಿ ನೋವು ಎನ್ನುತ್ತಾರೆ. ಮೈಸೂರಿನಲ್ಲಿ ದಿನಾ ಬೆಳಿಗ್ಗೆ ವಾಕಿಂಗ್ ಹೋಗುವುದೂ ನನಗೆ ಗೊತ್ತು.

ಹೋದ ತಿಂಗಳು ಅಣ್ಣನ ಮನೆಯಲ್ಲಿ ಊಟ. ಹೊಸದಾಗಿ ಬಂದ ಒಂದು ಜೋಡಿಗೆ ಅಣ್ಣ ಆ ಕಥೆ ಹೇಳುತ್ತಿದ್ದರು. ಆಗಲೇ ಆಂಟಿಯ ವಿಡಿಯೋ ಕಾಲ್ ಬಂತು. ಅಣ್ಣ ಫೋನನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದು, "ನೋಡಿ, ಅಪರಾಧಿ ಬಂದ್ರು," ಎಂದರು. ಆಂಟಿ ನಕ್ಕು, "ಹೌದಪ್ಪ, ನಾನೇ," ಎಂದರು. ಆಮೇಲೆ, "ಅನ್ವಿ ಇದ್ದಾಳಾ?" ಎಂದು ಕೇಳಿದರು. ಹೈಸ್ಕೂಲಿಗೆ ಹೋಗುವ ಅನ್ವಿ ಅಲ್ಲೇ ಸೋಫಾದ ಮೇಲೆ ಕೂತಿದ್ದಳು. ತಲೆಯೆತ್ತದೆ ಕೈ ಬೀಸಿದಳು, ಅಷ್ಟೇ. ಆಂಟಿ ಆ ಕೈಯನ್ನೇ ನೋಡುತ್ತಿದ್ದರು. ಕಾಲ್ ಕಟ್ ಆಗುವ ತನಕ ನೋಡುತ್ತಿದ್ದರು.

ಆ ಮುಖ ನನ್ನನ್ನು ಬಿಡಲಿಲ್ಲ. ಈ ವಾರ ದೀಪಕ್ಕ ಫೋನ್ ಮಾಡಿ, ಮೀಟಿಂಗಿದೆ, ಅನ್ವಿಯನ್ನು ಟ್ಯೂಷನ್ನಿನಿಂದ ಮನೆಗೆ ಬಿಡುತ್ತೀಯಾ ಎಂದು ಕೇಳಿದರು. ಕರೆದುಕೊಂಡು ಬಂದೆ. ಮನೆಯ ಮುಂದೆ ವ್ಯಾನ್ ನಿಲ್ಲಿಸಿ, ಸ್ಟೀರಿಂಗ್ ಹಿಡಿದುಕೊಂಡೇ ಹೇಳಿಬಿಟ್ಟೆ. ಹಾಕಿದ್ದು ನಾನು. ಹಾಕಬಹುದೇ ಎಂದು ಅಜ್ಜಿ ಕೇಳಿದ್ದರು. ಆಮೇಲೆ ಸುಳ್ಳು ಹೇಳಿದ್ದೂ ನಾನು.

ನನಗೆ ಬೈಯುತ್ತಾಳೆ ಎಂದುಕೊಂಡೆ. ಬೈಸಿಕೊಳ್ಳಲು ತಯಾರಾಗಿದ್ದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

"ಬಟ್ ಐ ಟೋಲ್ಡ್ ಹರ್ ಐ ಹೇಟೆಡ್ ಹರ್," ಎಂದಳು. ಆಮೇಲೆ ಕನ್ನಡದಲ್ಲಿ, ಒಂದೊಂದೇ ಮಾತು ಹುಡುಕಿ, "ನೀವು ಅಲ್ಲೇ ಇದ್ರಿ ಅಲ್ವಾ ಅಂಕಲ್."

ಬಾಗಿಲು ತೆಗೆದು ಇಳಿದು ಹೋದಳು.

ನನ್ನದನ್ನು ಇಳಿಸಿಕೊಳ್ಳಲು ಹೋಗಿ ಆ ಮಗುವಿನ ತಲೆಯ ಮೇಲೆ ಇಟ್ಟೆ. ಮಾಡದ ತಪ್ಪಿಗೆ ಅಜ್ಜಿಯನ್ನು ದೂರ ಮಾಡಿದ್ದು ತಾನು ಎಂದು ಈಗ ಅದು —

ಮಾರನೆಯ ದಿನ ಆಂಟಿಯ ಫೋನ್ ಬಂತು. ಒಂದು ಫ್ಲ್ಯಾಟಿನ ಓವನ್ ಉಜ್ಜುತ್ತಿದ್ದೆ. ಗ್ಲೌಸ್ ಕಳಚಿ ತೆಗೆದುಕೊಂಡೆ.

"ಮಗು ಫೋನ್ ಮಾಡಿತ್ತು ಕಣೋ. ಒಂದೇ ಸಮ ಅಳು. ಸಾರಿ ಅಜ್ಜಿ, ಸಾರಿ ಅಜ್ಜಿ ಅಂತ. ಅದು ಏನು ಮಾಡಿತ್ತು ಅಂತ ಸಾರಿ ಕೇಳ್ಬೇಕು?"

"ತಪ್ಪಾಯ್ತು ಆಂಟಿ."

"ಕಿರಣಂಗೆ ಹೇಳಿದ್ಯಾ?"

"ಇಲ್ಲ."

"ದೀಪಂಗೆ?"

"ಇಲ್ಲ ಆಂಟಿ."

ಆಮೇಲೆ, ಇಷ್ಟು ವರ್ಷದಲ್ಲಿ ಮೊದಲನೇ ಸಲ, ಆಂಟಿ ನನ್ನನ್ನು ಬೈದರು. ಸ್ವರ ಏರಿಸಲಿಲ್ಲ.

"ದೊಡ್ಡೋರ ಮುಂದೆ ಬಾಯಿ ಬರ್ಲಿಲ್ಲ, ಮಗು ಮುಂದೆ ಬಂತು. ಆವತ್ತೂ ಹಿಂಗೇ ಮಾಡ್ದೆ. ತಿರುಗಿ ಮಾತಾಡದೇ ಇರೋರನ್ನೇ ಹುಡುಕ್ಕೊಂಡು ಹೋಗ್ತೀಯಲ್ಲೋ ಮಂಜ."

"ಹೌದು," ಎಂದೆ. ಹೌದು. ಕ್ಷಮಿಸಿ ಎಂದು ಕೇಳಲು ಬಾಯಿ ತೆರೆದೆ. ಫೋನ್ ಇಟ್ಟಾಗಿತ್ತು.

ಈ ಭಾನುವಾರ ಕಿರಣ್ ಅಣ್ಣನ ಮನೆಯಲ್ಲಿ ಮತ್ತೆ ಊಟ ಇದೆ. ಹೋಗುತ್ತೇನೆ. ಆ ಕಥೆಯನ್ನು ಕೇಳಿ ನಕ್ಕವರು ಬಹಳ ಜನ ಬರುತ್ತಾರೆ, ಅಷ್ಟು ಜನರ ಮುಂದೆಯೇ ಹೇಳಬೇಕು. ಮೊದಲು ಅಣ್ಣನ ಮುಖ ನೋಡಿ ಹೇಳಬೇಕು, ಅನ್ವಿಯ ಎದುರಿಗೆ ಹೇಳಬೇಕು. ಅವರ ಮನೆಯ ಬಾಗಿಲು ನನಗೆ ಮುಚ್ಚಿದರೆ ಮುಚ್ಚಲಿ, ಆ ತೀರ್ಮಾನ ಅವರದು. ಊಟಕ್ಕೆ ಕೂರುವ ಮೊದಲೇ ಹೇಳುತ್ತೇನೆ. ಆ ಮನೆಯ ಅನ್ನ ಉಂಡು ಕೈ ತೊಳೆದು ಹೇಳುವ ಮಾತಲ್ಲ ಅದು.